ಅಳಿವೆಯ ಜಮಾಖರ್ಚು

ನದಿಯ ಮೂಲವನ್ನೂ ಋಷಿಯ ಮೂಲವನ್ನೂ ಹುಡುಕಬಾರದೆಂದು ನಮ್ಮ ಹಿರಿಯರು ಹೇಳಿದರು. ನದಿಯ ಕೊನೆಯನ್ನು ಹುಡುಕಬಾರದೆಂದು ಅವರು ಎಲ್ಲಿಯೂ ಹೇಳಿದಂತಿಲ್ಲ. ಆದರೂ ಅತ್ತ ನಾವು ಕಣ್ಣು ಹಾಯಿಸಿದ್ದು ಕಡಮೆ. ನದಿ ಕಡಲನ್ನು ಸೇರಿತೆಂದರೆ ಅದರ ಕಥೆ ಮುಗಿಯಿತೆಂದೇ ಘಟ್ಟದ ಮೇಲಿನವರ ಮತ್ತು ಪಟ್ಟಣವಾಸಿಗಳ ಸಾಮಾನ್ಯ ಭಾವನೆ. ‘ಸಮುದ್ರಕ್ಕೆ ಹರಿದು ವ್ಯರ್ಥವಾಗುವ ನೀರು’ ಎಂಬ ಮಾತು ಶಾಸನಸಭೆಯ ಭಾಷಣಗಳಲ್ಲಿಯೂ ಪತ್ರಿಕೆಯ ಅಂಕಣಗಳಲ್ಲಿಯೂ ಎಷ್ಟು ಸಲ ಬಂದಿದೆಯೆಂದರೆ, ಅದನ್ನು ಪ್ರಶ್ನಿಸಬಹುದೆಂಬುದೇ ಈಗ ನಮಗೆ ಹೊಳೆಯುವುದಿಲ್ಲ. ಆದರೆ ಆ ನೀರು ವ್ಯರ್ಥವೆಂದು ತೀರ್ಮಾನಿಸುವ ಮೊದಲು, ಅದು ಕಡಲನ್ನು ಮುಟ್ಟುವೆಡೆಯಲ್ಲಿ ಏನು ಕೆಲಸ ಮಾಡುತ್ತಿದೆಯೆಂಬುದನ್ನು ವಿಚಾರಿಸುವುದು ನ್ಯಾಯವಷ್ಟೆ?

2024ರ ಜನವರಿಯ ಕೊನೆಯಲ್ಲಿ ಉತ್ತರ ಕನ್ನಡದ ಅಘನಾಶಿನಿ ನದಿಯ ಅಳಿವೆಗೆ ರಾಮ್‌ಸಾರ್ ಪಟ್ಟಿಯಲ್ಲಿ ಸ್ಥಾನ ದೊರೆತ ಸುದ್ದಿ ಪ್ರಕಟವಾಯಿತು. ಜೌಗುನೆಲಗಳ ರಕ್ಷಣೆಗಾಗಿ 1971ರಲ್ಲಿ ಇರಾನಿನ ರಾಮ್‌ಸಾರ್ ಪಟ್ಟಣದಲ್ಲಿ ರಾಷ್ಟ್ರಗಳು ಮಾಡಿಕೊಂಡ ಒಪ್ಪಂದದಿಂದ ಈ ಹೆಸರು ಬಂದಿದೆ. ಸುಮಾರು 4,800 ಹೆಕ್ಟೇರು ವಿಸ್ತಾರದ ಈ ಅಳಿವೆಯೊಡನೆ ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಇವೂ ಅಂದು ಆ ಗೌರವಕ್ಕೆ ಪಾತ್ರವಾದವು. ಗೌರವ ಸಂತೋಷದ ವಿಷಯವೇ ಸರಿ. ಆದರೆ ಪಟ್ಟಿಗೆ ಸೇರಿದ್ದು ಯಾವುದು? ನೀರಿನ ಹರವೇ, ಕಾಂಡ್ಲಾ ಗಿಡಗಳೇ, ಹಕ್ಕಿಗಳೇ? ಇವೆಲ್ಲ ಕಣ್ಣಿಗೆ ಕಾಣುವಂಥವು. ಅಳಿವೆಯ ನಿಜವಾದ ಸಂಪತ್ತು ಕೆಸರಿನಲ್ಲಿ ಹುದುಗಿರುತ್ತದೆ, ಅಥವಾ ಕದಡಿದ ನೀರಿನಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣದಾಗಿ ತೇಲುತ್ತಿರುತ್ತದೆ. ಅದರ ಲೆಕ್ಕವಿಡುವ ಬಗೆಯನ್ನು ನಾವಿನ್ನೂ ಸರಿಯಾಗಿ ರೂಢಿಸಿಕೊಂಡಿಲ್ಲ.

ಅಳಿವೆಯೆಂದರೆ ಸಿಹಿನೀರೂ ಉಪ್ಪುನೀರೂ ಸೇರುವ ಸ್ಥಳವೆಂದು ಪಾಠಪುಸ್ತಕಗಳು ಹೇಳುವುವು. ಮಾತು ನಿಜ, ಆದರೆ ಅರ್ಧ ನಿಜ. ನಮ್ಮ ಪಡುವಣ ಕರಾವಳಿಯಲ್ಲಿ ಈ ಸೇರುವಿಕೆ ವರ್ಷವಿಡೀ ಒಂದೇ ತೆರನಾಗಿ ನಡೆಯುವುದಿಲ್ಲ. ಆಷಾಢ ಶ್ರಾವಣಗಳಲ್ಲಿ ಘಟ್ಟದ ಮಳೆ ಕೆಂಪಾಗಿ ಇಳಿದುಬಂದು ಅಳಿವೆಯನ್ನು ಹೆಚ್ಚುಕಡಮೆ ಹೊಳೆಯನ್ನಾಗಿಯೇ ಮಾಡಿಬಿಡುವುದು. ಉಪ್ಪು ಕಡಲಿನ ಬಾಗಿಲಿಗೆ ಹಿಮ್ಮೆಟ್ಟುವುದು. ಮಳೆ ನಿಂತ ಬಳಿಕ, ದಿನಕ್ಕೆರಡು ಬಾರಿ ಬರುವ ಉಬ್ಬರದ ಬೆನ್ನೇರಿ ಉಪ್ಪು ಮೆಲ್ಲಮೆಲ್ಲನೆ ಒಳಕ್ಕೆ ಬರುವುದು. ಚೈತ್ರ ವೈಶಾಖಗಳ ಹೊತ್ತಿಗೆ ಅಳಿವೆಯ ನೀರು ಕಡಲನೀರಿಗೆ ಸಮೀಪವಾಗುವುದು. ಕಡಲಿನಲ್ಲಿ ಸಾವಿರ ಪಾಲಿಗೆ ಸುಮಾರು 35 ಪಾಲು ಉಪ್ಪು. ಸೊನ್ನೆಯ ಹತ್ತಿರದಿಂದ ಆ 35ರ ಹತ್ತಿರದವರೆಗೆ ಒಂದೇ ವರ್ಷದೊಳಗೆ ಏರಿ ಇಳಿಯುವ ಈ ನೀರಿನಲ್ಲಿ ಬದುಕುವುದು ಎಲ್ಲ ಪ್ರಾಣಿಗಳಿಗೆ ಸಾಧ್ಯವಿಲ್ಲ. ಸಾಧ್ಯವಾದವುಗಳಿಗಾದರೋ ಆಹಾರ ಅಪಾರ, ಶತ್ರುಗಳು ಕಡಮೆ. ಆದುದರಿಂದಲೇ ಅಳಿವೆ ಕಡಲಿನ ತೊಟ್ಟಿಲಾಯಿತು.

ಈ ತೊಟ್ಟಿಲನ್ನು ಬಳಸುವವರಲ್ಲಿ ಮೂರು ಬಗೆಯುಂಟು. ಮೊದಲನೆಯದು ಚಿಪ್ಪಿಕಲ್ಲು. ಕುಮಟೆಯ ಕಡೆಯವರ ಬಳಚು, ತುಳುನಾಡಿನವರ ಮರುವಾಯಿ ಇದೇ. ಇದು ಅಳಿವೆಯಲ್ಲಿಯೇ ಹುಟ್ಟಿ ಅಲ್ಲಿಯೇ ಮಣ್ಣಾಗುವ ಒಕ್ಕಲು. ಗಂಡೂ ಹೆಣ್ಣೂ ತಮ್ಮ ಬೀಜಾಣುಗಳನ್ನೂ ಅಂಡಾಣುಗಳನ್ನೂ ನೀರಿಗೆ ಬಿಡುವುವು. ಅಲ್ಲಿ ಕೂಡಿ ಹುಟ್ಟಿದ ಮರಿ ಕೆಲವು ದಿನ ತೇಲಾಡಿ, ತಕ್ಕ ಮರಳುಕೆಸರು ದೊರೆತರೆ ಇಳಿದು ನೆಲೆಯೂರುವುದು. ಎರಡನೆಯದು ಸಿಗಡಿ, ಕರಾವಳಿಯ ಶೆಟ್ಲಿ. ಇದರ ತಾಯಿ ತತ್ತಿಯಿಡುವುದು ಹೊರಗಡಲಿನಲ್ಲಿ. ಮರಿಗಳು ಹಲವು ರೂಪಗಳನ್ನು ತಾಳುತ್ತ, ಎರಡು ಮೂರು ವಾರಗಳಲ್ಲಿ ಉಬ್ಬರದೊಡನೆ ಅಳಿವೆಯನ್ನು ಹೊಕ್ಕು, ಕೆಲವು ತಿಂಗಳು ಕಾಂಡ್ಲಾದ ಬೇರುಗಳ ನಡುವೆ ಮತ್ತು ಗಜನಿ ಗದ್ದೆಗಳ ಕಾಲುವೆಗಳಲ್ಲಿ ಮೇದು ಬೆಳೆದು, ಪ್ರಾಯಕ್ಕೆ ಬರುವ ಹೊತ್ತಿಗೆ ಮರಳಿ ಕಡಲಿಗೆ ಹೋಗುವುವು. ಅಳಿವೆಯ ಕೆಸರಿನಲ್ಲಿ ವಾಸಿಸುವ ದೊಡ್ಡ ಏಡಿಯ ದಾರಿಯೂ ಹೆಚ್ಚುಕಡಮೆ ಹೀಗೆಯೇ. ತತ್ತಿ ಹೊತ್ತ ಹೆಣ್ಣು ಕಡಲಿನತ್ತ ಸಾಗುವುದು. ಮೂರನೆಯದು ಇದಕ್ಕೆ ತಿರುವುಮುರುವಾದ ಪ್ರಯಾಣಿಕ: ಸಿಹಿನೀರಿನ ದೊಡ್ಡ ಸಿಗಡಿ. ಇದು ಬದುಕುವುದು ಹೊಳೆಯಲ್ಲಿ. ಆದರೆ ಮರಿಗಳಿಗೆ ಉಪ್ಪಿನ ಸೋಂಕು ಬೇಕು. ಆದ್ದರಿಂದ ತಾಯಿ ಕೆಳಗಿಳಿದು ಬರುವುದು, ಮರಿಗಳು ಬಲಿತು ಮೇಲಕ್ಕೆ ಏರುವುವು.

ಮನೆಯವರು, ನೆಂಟರು, ದಾರಿಹೋಕರು ಎಲ್ಲರಿಗೂ ಅಳಿವೆಯಲ್ಲಿ ಒಂದೊಂದು ಕಾಲ ಗೊತ್ತಾಗಿದೆ. ಯಾರು ಯಾವಾಗ ಬರಬೇಕು, ಯಾವಾಗ ಹೋಗಬೇಕು ಎಂಬುದನ್ನು ನಿರ್ಧರಿಸುವುದು ಉಪ್ಪಿನ ಏರಿಳಿತ. ಆ ಏರಿಳಿತವನ್ನು ನಿರ್ಧರಿಸುವುದು ಮೇಲಿನಿಂದ ಬರುವ ಸಿಹಿನೀರು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರಿಕೆ. ಮುಂದಿನ ವಿಚಾರವೆಲ್ಲ ಇದರ ಮೇಲೆಯೇ ನಿಂತಿದೆ.

ಮೀನಿನ ಸಂಖ್ಯೆ ಹೆಚ್ಚುವುದೂ ಕುಗ್ಗುವುದೂ ಹೇಗೆ? 1883ರಲ್ಲಿ ಲಂಡನ್ನಿನಲ್ಲಿ ನಡೆದ ಅಂತಾರಾಷ್ಟ್ರೀಯ ಮೀನುಗಾರಿಕೆಯ ಪ್ರದರ್ಶನದಲ್ಲಿ ಪ್ರಸಿದ್ಧ ವಿಜ್ಞಾನಿ ಥಾಮಸ್ ಹೆನ್ರಿ ಹಕ್ಸ್ಲಿ, ಕಡಲಿನ ದೊಡ್ಡ ಮೀನುಗಾರಿಕೆಗಳು ಬಹುಶಃ ಎಂದಿಗೂ ಬತ್ತಲಾರವೆಂದು ಹೇಳಿದನು. ಇಪ್ಪತ್ತನೆಯ ಶತಮಾನ ಆ ಮಾತನ್ನು ಸುಳ್ಳುಮಾಡಿತು. ಹಾಗಾಗಿ ಅವನನ್ನು ಹಾಸ್ಯಮಾಡುವವರು ಬಹಳ. ಆದರೆ ಅದೇ ಭಾಷಣದಲ್ಲಿ ಅವನು ಹೊಳೆಯ ಸಾಲ್ಮನ್ ಮೀನನ್ನೂ ಸಿಂಪಿಯ ಹಾಸುಗಳನ್ನೂ ಬೇರೆಯಾಗಿಟ್ಟು, ಇವು ಬತ್ತಬಲ್ಲವೆಂದು ಎಚ್ಚರಿಸಿದ್ದನ್ನು ಮರೆಯಬಾರದು. ಕಡಲಿಗೆ ಬಾಗಿಲಿಲ್ಲ, ಅಳಿವೆಗೆ ಬಾಗಿಲುಂಟು. ಬಾಗಿಲಿರುವ ಮನೆಯನ್ನು ಬರಿದುಮಾಡುವುದು ಸುಲಭ.

1931ರಲ್ಲಿ ಇಂಗ್ಲೆಂಡಿನ ಇ. ಎಸ್. ರಸೆಲ್ ಎಂಬ ವಿಜ್ಞಾನಿ ಈ ವಿಚಾರವನ್ನು ಶಾನುಭೋಗರ ಕಡತದಷ್ಟು ಸರಳವಾದ ಲೆಕ್ಕಕ್ಕೆ ಇಳಿಸಿದನು. ವರ್ಷದ ಆರಂಭದಲ್ಲಿ ಇದ್ದ ಮೀನಿನ ತೂಕಕ್ಕೆ ಎರಡು ಜಮೆಗಳು: ಹೊಸದಾಗಿ ಬಂದು ಸೇರಿದ ಮರಿಗಳು, ಇದ್ದವುಗಳ ಬೆಳವಣಿಗೆ. ಎರಡು ಖರ್ಚುಗಳು: ಮನುಷ್ಯನು ಹಿಡಿದದ್ದು, ತಾನಾಗಿ ಸತ್ತದ್ದು. ಜಮೆ ಖರ್ಚುಗಳು ಸರಿದೂಗಿದರೆ ಸಂತತಿ ನಿಲ್ಲುವುದು, ಇಲ್ಲವಾದರೆ ಕುಗ್ಗುವುದು. ಬಡ್ಡಿಯನ್ನು ಉಂಡು ಅಸಲನ್ನು ಉಳಿಸಬೇಕು ಎಂಬ ಸಂಸಾರದ ನೀತಿಯೇ ಇದು. ಕೂತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆಯನ್ನು ಕಡಲಿನ ಶಾಸ್ತ್ರ ಅಂಕಿಗಳಲ್ಲಿ ಬರೆದುಕೊಂಡಿತು.

ಲೆಕ್ಕ ಸರಳ; ತುಂಬುವುದು ಕಷ್ಟ. ನಾಲ್ಕು ಅಂಕಣಗಳಲ್ಲಿ ನಮಗೆ ನೇರವಾಗಿ ತಿಳಿಯುವುದು ಒಂದೇ ಒಂದು, ಹಿಡಿದದ್ದು. ಅದು ಬುಟ್ಟಿಯಲ್ಲಿ ಬರುವುದು, ಸಂತೆಯಲ್ಲಿ ತೂಗುವುದು. ಉಳಿದ ಮೂರೂ ನೀರಿನೊಳಗೆ ನಡೆಯುವ ವ್ಯವಹಾರ. ಅವುಗಳಲ್ಲಿ ಮರಿಗಳ ಸೇರ್ಪಡೆ ಎಷ್ಟು ಸೂಕ್ಷ್ಮವೆಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯಬಹುದು. ಒಂದು ಹೆಣ್ಣು ಸಿಗಡಿ ತನ್ನ ಜೀವಮಾನದಲ್ಲಿ 3,00,000 ತತ್ತಿಗಳನ್ನಿಟ್ಟಿತೆನ್ನೋಣ. ಸಂತತಿ ಇದ್ದಂತೆಯೇ ಇರಬೇಕಾದರೆ ಅವುಗಳಲ್ಲಿ ಎರಡು ಮಾತ್ರ ಪ್ರಾಯಕ್ಕೆ ಬಂದರೆ ಸಾಕು. ಎರಡಕ್ಕೆ ಬದಲು ಒಂದೇ ಉಳಿದರೆ? 2,99,998 ಸಾಯುವಲ್ಲಿ 2,99,999 ಸತ್ತವು. ನೋಡುವ ಕಣ್ಣಿಗೆ ಯಾವ ವ್ಯತ್ಯಾಸವೂ ಇಲ್ಲ. ಆದರೆ ಮುಂದಿನ ತಲೆಮಾರು ಅರ್ಧಕ್ಕಿಳಿಯಿತು, ಅದರ ಮುಂದಿನದು ಕಾಲುಭಾಗಕ್ಕೆ. ಲಕ್ಷಗಟ್ಟಲೆ ತತ್ತಿಯಿಡುವ ಪ್ರಾಣಿಗೆ ಅಳಿವಿಲ್ಲವೆಂದು ಭಾವಿಸುವವರು ಈ ಲೆಕ್ಕವನ್ನು ನೋಡಬೇಕು. ಬಾಗಿಲಲ್ಲಿ ಒಂದಿಷ್ಟು ಹೂಳು, ತಪ್ಪಿದ ತಿಂಗಳಲ್ಲಿ ಒಂದಿಷ್ಟು ಸಿಹಿನೀರು, ಕಡಿದ ನಾಲ್ಕು ಎಕರೆ ಕಾಂಡ್ಲಾ — ಆ ಒಂದು ಮರಿಯ ವ್ಯತ್ಯಾಸಕ್ಕೆ ಇಷ್ಟು ಸಾಕಾದೀತು.

ಇದು ಬರಿಯ ತರ್ಕವಲ್ಲವೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವಿದೆ. ಅಘನಾಶಿನಿಯ ಅಳಿವೆಯಿಂದ ದಕ್ಷಿಣಕ್ಕೆ ಸುಮಾರು 25 ಕಿಲೋಮೀಟರು ಹೋದರೆ ಹೊನ್ನಾವರದಲ್ಲಿ ಶರಾವತಿಯ ಅಳಿವೆ. ಎರಡೂ ಘಟ್ಟದ ಮಗಳಂದಿರು. ಎರಡಕ್ಕೂ ಒಂದೇ ಮಳೆ, ಒಂದೇ ಕಡಲು. ಶಿರಸಿಯ ಬಳಿ ಹುಟ್ಟುವ ಅಘನಾಶಿನಿ ಸುಮಾರು 120 ಕಿಲೋಮೀಟರಿನ ದಾರಿಯಲ್ಲಿ ದೊಡ್ಡ ಅಣೆಕಟ್ಟೊಂದನ್ನೂ ಕಾಣದೆ, ಉಂಚಳ್ಳಿಯಲ್ಲಿ ಧುಮುಕಿ ಕಡಲನ್ನು ಸೇರುತ್ತಾಳೆ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಬಂತು. ಮುಂದೆ ಕೆಳಗೆ ಗೇರುಸೊಪ್ಪೆಯಲ್ಲಿ ಇನ್ನೊಂದು. ಆ ನದಿಯ ವಿದ್ಯುತ್ತಿನಿಂದ ಕನ್ನಡನಾಡಿನ ಮನೆಗಳು ಬೆಳಗಿದವು, ಯಂತ್ರಗಳು ತಿರುಗಿದವು. ಅದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ವಿದ್ಯುತ್ತು ಮಳೆಗಾಲಕ್ಕೆ ಮಾತ್ರ ಬೇಕಾದುದಲ್ಲ. ಮಳೆಯ ನೀರನ್ನು ತಡೆದಿಟ್ಟು ಬೇಸಗೆಯಲ್ಲಿಯೂ ಯಂತ್ರಗಳ ಮೂಲಕ ಬಿಡಬೇಕಾಯಿತು. ಹಾಗೆ ಬಿಟ್ಟ ಸಿಹಿನೀರು, ಉಪ್ಪು ಏರಬೇಕಾದ ತಿಂಗಳುಗಳಲ್ಲಿಯೂ ಅಳಿವೆಗೆ ಬಂದು ಸೇರಿತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಉತ್ತರ ಕನ್ನಡದ ಅಳಿವೆಗಳನ್ನು ಹೋಲಿಸಿ ನೋಡಿದಾಗ, ಶರಾವತಿಯಲ್ಲಿ ಉಪ್ಪಿನಂಶ ತಗ್ಗಿರುವುದೂ, ಚಿಪ್ಪಿಕಲ್ಲಿನ ಮತ್ತು ಮೀನಿನ ವೈವಿಧ್ಯ ಅಘನಾಶಿನಿಗಿಂತ ಕುಗ್ಗಿರುವುದೂ ಕಂಡುಬಂತು. ಇಲ್ಲಿ ಯಾರೂ ಅತಿಯಾಗಿ ಬಲೆ ಬೀಸಿ ಸಂತತಿಯನ್ನು ತೀರಿಸಲಿಲ್ಲ. ಖರ್ಚಿನ ಅಂಕಣ ಇದ್ದಂತೆಯೇ ಇತ್ತು, ಜಮೆ ನಿಂತುಹೋಯಿತು. ವಿಷವನ್ನೂ ಯಾರೂ ಸುರಿಯಲಿಲ್ಲ. ಸುರಿದದ್ದು ಒಳ್ಳೆಯ ಸಿಹಿನೀರು, ಆದರೆ ಹೊತ್ತಲ್ಲದ ಹೊತ್ತಿನಲ್ಲಿ.

ಇದರ ಇನ್ನೊಂದು ಮುಖವನ್ನು ಕೇರಳದ ವೇಂಬನಾಡು ಸರೋವರದಲ್ಲಿ ಕಾಣಬಹುದು. ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿರುವ ಕುಟ್ಟನಾಡಿನ ಭತ್ತದ ಗದ್ದೆಗಳಿಗೆ ಬೇಸಗೆಯಲ್ಲಿ ಉಪ್ಪುನೀರು ನುಗ್ಗದಿರಲೆಂದು 1970ರ ದಶಕದಲ್ಲಿ ತಣ್ಣೀರ್ಮುಕ್ಕಂ ಎಂಬಲ್ಲಿ ಸರೋವರಕ್ಕೆ ಅಡ್ಡಲಾಗಿ ಒಂದು ಕಟ್ಟೆಯನ್ನು ಕಟ್ಟಿದರು. ಡಿಸೆಂಬರಿನ ಹೊತ್ತಿಗೆ ಅದರ ಬಾಗಿಲುಗಳು ಮುಚ್ಚುವುವು, ಬೇಸಗೆಯಲ್ಲಿ ತೆರೆಯುವುವು. ರೈತನಿಗೆ ಎರಡನೆಯ ಬೆಳೆ ದಕ್ಕಿತು. ಆದರೆ ಕೆಳಗಿಳಿದು ಮರಿಮಾಡಬೇಕಾದ ದೊಡ್ಡ ಸಿಗಡಿಯ ದಾರಿ ಕಡಿಯಿತು. ಮೇಲಿನ ಭಾಗದ ಕಪ್ಪು ಚಿಪ್ಪಿಕಲ್ಲಿಗೆ ಸಂತಾನೋತ್ಪತ್ತಿಗೆ ಬೇಕಾದಷ್ಟು ಉಪ್ಪು ಸಕಾಲದಲ್ಲಿ ದೊರೆಯದಾಯಿತು. ನಮ್ಮ ಕರಾವಳಿಯ ಹೊಳೆಗಳಲ್ಲಿಯೂ ಕುಡಿಯುವ ನೀರಿಗಾಗಿ, ಬಾವಿಗಳಿಗೆ ಉಪ್ಪೇರದಿರಲೆಂದು, ಕಿಂಡಿ ಅಣೆಕಟ್ಟುಗಳು ಏಳುತ್ತಿವೆ. ಅವುಗಳ ಅಗತ್ಯವನ್ನು ಅಲ್ಲಿನ ಗೃಹಿಣಿಯನ್ನು ಕೇಳಿ ತಿಳಿಯಬೇಕು. ಆದರೆ ಪ್ರತಿಯೊಂದು ಕಿಂಡಿಗೆ ಹಲಗೆ ಹಾಕುವ ದಿನವೂ ತೆಗೆಯುವ ದಿನವೂ ಯಾರದೋ ಪ್ರಯಾಣದ ದಿನವನ್ನು ತಿದ್ದುತ್ತಿವೆಯೆಂಬ ಅರಿವು ಇಂಜಿನಿಯರರ ನಕ್ಷೆಯಲ್ಲಿ ಇರಬೇಕಾದುದು ನ್ಯಾಯ.

ಇನ್ನು ಖರ್ಚಿನ ಅಂಕಣಕ್ಕೆ ಬರೋಣ. ಈ ಶತಮಾನದ ಮೊದಲ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರೇ ಅಘನಾಶಿನಿಯ ಚಿಪ್ಪಿಕಲ್ಲಿನ ಉತ್ಪನ್ನವನ್ನು ಅಂದಾಜು ಮಾಡಿದರು: ವರ್ಷಕ್ಕೆ ಸುಮಾರು 22,000 ಟನ್ನು, ಅದರ ಬೆಲೆ 5 ಕೋಟಿ ರೂಪಾಯಿಗೂ ಮಿಕ್ಕಿ, ನೇರವಾಗಿ ಅದನ್ನೇ ನಂಬಿ ದುಡಿಯುವವರು 2,300ಕ್ಕೂ ಹೆಚ್ಚು ಜನ. ಗಂಡಸರು ದೋಣಿಯಲ್ಲಿ ಹೋಗಿ ಮುಳುಗಿ ತೆಗೆಯುವರು. ಹೆಂಗಸರು ಇಳಿತದ ಹೊತ್ತಿಗೆ ಕೆಸರಿನಲ್ಲಿ ಬಗ್ಗಿ ಆರಿಸುವರು. ಬಂಡವಾಳವಿಲ್ಲದ, ಭೂಮಿಯಿಲ್ಲದ ಮನೆಗೆ ಇದು ಅನ್ನವೂ ಹೌದು, ಪೌಷ್ಟಿಕಾಂಶವೂ ಹೌದು. ಇಷ್ಟು ದೊಡ್ಡ ಜೀವನೋಪಾಯ ಯಾವ ಕಾರ್ಖಾನೆಯ ಉದ್ಘಾಟನೆಯೂ ಇಲ್ಲದೆ ನಡೆದುಬಂದಿತ್ತೆಂಬುದೇ ಸೋಜಿಗ.

ಆದರೆ 22,000 ಟನ್ನು ಎಂಬ ಅಂಕಿಯಿಂದ ಅಳಿವೆ ಸಂಪನ್ನವಾಗಿದೆಯೆಂದು ತೀರ್ಮಾನಿಸುವುದು ತಪ್ಪು. ಹಿಡಿತ ಹೆಚ್ಚುವುದು ಸಂತತಿ ಹೆಚ್ಚಿದಾಗಲೂ ಆಗಬಹುದು, ಹಿಡಿಯುವ ಕೈಗಳು ಹೆಚ್ಚಿದಾಗಲೂ ಆಗಬಹುದು. ನೂರು ಜನ ತಲಾ ಮೂರು ಬುಟ್ಟಿ ತಂದರೂ ಮುನ್ನೂರು ಜನ ತಲಾ ಒಂದು ಬುಟ್ಟಿ ತಂದರೂ ಸಂತೆಗೆ ಬರುವುದು ಮುನ್ನೂರೇ ಬುಟ್ಟಿ. ಸರ್ಕಾರದ ಪುಸ್ತಕದಲ್ಲಿ ಎರಡೂ ಒಂದೇ. ಅಳಿವೆಯ ಪಾಲಿಗೆ ಒಂದು ಸುಭಿಕ್ಷ, ಇನ್ನೊಂದು ಕ್ಷಾಮದ ಮುನ್ಸೂಚನೆ. ಒಬ್ಬಾಕೆ ಒಂದು ಇಳಿತದಲ್ಲಿ ಎಷ್ಟು ಬುಟ್ಟಿ ತುಂಬಿದಳು, ಆ ಚಿಪ್ಪುಗಳ ಗಾತ್ರ ಕಳೆದ ವರ್ಷಕ್ಕಿಂತ ಸಣ್ಣದೋ ದೊಡ್ಡದೋ ಎಂಬುದನ್ನು ಕೇಳದೆ ಇರುವ ಲೆಕ್ಕ ಅರ್ಧ ಲೆಕ್ಕ. ಈ ಪ್ರಶ್ನೆಗಳಿಗೆ ಉತ್ತರ ಆಕೆಗೆ ಗೊತ್ತಿದೆ. ನಾವು ಕೇಳಿಲ್ಲ, ಅಷ್ಟೆ.

ಕೇಳಿದರೆ ಫಲವುಂಟೆಂಬುದಕ್ಕೆ ಕೇರಳದ ಕೊಲ್ಲಂ ಬಳಿಯ ಅಷ್ಟಮುಡಿ ಸಾಕ್ಷಿ. ಅಲ್ಲಿ ಒಂದು ಜಾತಿಯ ಚಿಪ್ಪಿಕಲ್ಲಿಗೆ ಪರದೇಶದ ಬೇಡಿಕೆ ಬಂದು, 1980ರ ದಶಕದಲ್ಲಿ ಹಿಡಿತ ಏರುತ್ತ ಹೋಗಿ, 1991ರಲ್ಲಿ ಸುಮಾರು 10,000 ಟನ್ನಿಗೆ ಮುಟ್ಟಿತು. ಎರಡೇ ವರ್ಷಗಳಲ್ಲಿ, 1993ರ ಹೊತ್ತಿಗೆ, ಅದು ಅರ್ಧಕ್ಕೆ ಕುಸಿಯಿತು. ಆಗ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾಲಯದ ಅಧ್ಯಯನವನ್ನು ಆಧರಿಸಿ ಕೆಲವು ಕಟ್ಟಳೆಗಳನ್ನು ತಂದರು. ಮರಿಮಾಡುವ ಕಾಲವಾದ ಡಿಸೆಂಬರಿನಿಂದ ಫೆಬ್ರವರಿಯವರೆಗೆ ತೆಗೆಯಬಾರದು, ಸಣ್ಣವು ಜಾರಿ ಉಳಿಯುವಂತೆ ಬಲೆಯ ಕಣ್ಣು ಅಗಲವಿರಬೇಕು, ಯಂತ್ರ ಬಳಸಬಾರದು, ಇಷ್ಟಕ್ಕಿಂತ ಸಣ್ಣ ಮಾಂಸವನ್ನು ರಫ್ತು ಮಾಡಬಾರದು. ಕಟ್ಟಳೆ ಉಳಿದದ್ದು ಚಿಪ್ಪು ತೆಗೆಯುವವರೇ ಅದನ್ನು ತಮ್ಮದೆಂದು ಒಪ್ಪಿದ್ದರಿಂದ. ಇಳುವರಿ ಮತ್ತೆ ಸುಮಾರು 10,000 ಟನ್ನಿನ ಮಟ್ಟಕ್ಕೆ ಬಂದು ನಿಂತಿತು. 2014ರಲ್ಲಿ ಅಂತಾರಾಷ್ಟ್ರೀಯ ಸಂಸ್ಥೆಯಾದ ಮೆರೈನ್ ಸ್ಟೂವರ್ಡ್‌ಶಿಪ್ ಕೌನ್ಸಿಲ್ ಇದಕ್ಕೆ ಪ್ರಮಾಣಪತ್ರ ಕೊಟ್ಟಿತು. ಭಾರತದ ಮೀನುಗಾರಿಕೆಯೊಂದಕ್ಕೆ ಅಂಥ ಮನ್ನಣೆ ದೊರೆತದ್ದು ಅದೇ ಮೊದಲು.

ಕಥೆ ಅಲ್ಲಿಗೇ ನಿಂತಿದ್ದರೆ ಹೇಳುವವರಿಗೂ ಕೇಳುವವರಿಗೂ ಹಿತವಾಗುತ್ತಿತ್ತು. ಆದರೆ ಮುಂದಿನ ವರ್ಷಗಳಲ್ಲಿ ಅಷ್ಟಮುಡಿಯ ಇಳುವರಿ ಮತ್ತೆ ಕುಗ್ಗಿತು. ಅಮೆರಿಕ ಖಂಡದ ಉಷ್ಣಪ್ರದೇಶದ ಮೂಲದ ಒಂದು ಪರದೇಶಿ ಚಿಪ್ಪು ಅಲ್ಲಿ ನೆಲೆಯೂರಿ ಹಬ್ಬಿದುದನ್ನು ವಿಜ್ಞಾನಿಗಳು 2019ರಲ್ಲಿ ವರದಿ ಮಾಡಿದರು, ಮಾಲಿನ್ಯವೂ ಸೇರಿಕೊಂಡಿತ್ತು. ಹಿಡಿಯುವವರು ಸಂಯಮ ತೋರಿದರು. ಆದರೆ ನೀರನ್ನು ಕಾಯುವುದು ಅವರೊಬ್ಬರ ಕೈಯಲ್ಲಿರಲಿಲ್ಲ. ಖರ್ಚನ್ನು ಹದ್ದಿನಲ್ಲಿಡುವುದು ಮೀನುಗಾರನ ಧರ್ಮ. ಜಮೆಯ ಬಾಗಿಲನ್ನು ತೆರೆದಿಡುವುದು ಮೇಲಿನ ಊರುಗಳ, ಪಟ್ಟಣಗಳ, ಸರ್ಕಾರದ ಧರ್ಮ. ಒಂದಕ್ಕೆ ಮಾತ್ರ ಕಟ್ಟಳೆ ಮಾಡಿ ಇನ್ನೊಂದನ್ನು ಬಿಟ್ಟರೆ ಲೆಕ್ಕ ಕೂಡುವುದಿಲ್ಲ.

ಈ ದೃಷ್ಟಿಯಿಂದ ಅಘನಾಶಿನಿಯ ಮುಂದಿರುವ ಪ್ರಶ್ನೆಗಳನ್ನು ನೋಡಬೇಕು. ಈ ಶತಮಾನದ ಆರಂಭದಲ್ಲಿ ಅದರ ದಡದ ತದಡಿಯಲ್ಲಿ 4,000 ಮೆಗಾವಾಟಿನ ಉಷ್ಣವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಿತ್ತು; ಜನರ ವಿರೋಧದಿಂದ ಅದು ಹಿಂದೆ ಸರಿಯಿತು. ಬಳಿಕ ಅಲ್ಲಿಯೇ ದೊಡ್ಡ ಬಂದರಿನ ಯೋಜನೆ ಚರ್ಚೆಗೆ ಬಂತು. ಈಚಿನ ವರ್ಷಗಳಲ್ಲಿ ಬೇಡ್ತಿ–ವರದಾ ಜೋಡಣೆಯ ಜೊತೆಜೊತೆಗೇ ಅಘನಾಶಿನಿಯ ನೀರನ್ನು ವೇದಾವತಿಯ ಕಡೆಗೆ ತಿರುಗಿಸುವ ಆಲೋಚನೆಯೂ ಕೇಳಿಬಂದಿದೆ. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ. ಅದನ್ನು ಹಗುರವಾಗಿ ಕಾಣುವ ಹಕ್ಕು ಕರಾವಳಿಯವರಿಗಿಲ್ಲ. ಆದರೆ ತಕ್ಕಡಿಯ ಎರಡೂ ತಟ್ಟೆಗಳಲ್ಲಿ ತೂಕವಿಟ್ಟು ನೋಡಬೇಕು. ಒಂದು ತಟ್ಟೆಯಲ್ಲಿ ಟಿ.ಎಂ.ಸಿ.ಗಳ ಲೆಕ್ಕವಿಟ್ಟು, ಇನ್ನೊಂದರಲ್ಲಿ ‘ವ್ಯರ್ಥ’ ಎಂಬ ಒಂದು ಶಬ್ದವನ್ನಿಟ್ಟರೆ ಅದು ತೂಕವಾಗಲಾರದು. ಶರಾವತಿಗೆ ಬೇಸಗೆಯಲ್ಲಿ ಸಿಹಿನೀರು ಹೆಚ್ಚಾಯಿತು. ತಿರುವು ಬಂದರೆ ಅಘನಾಶಿನಿಗೆ ಮಳೆಯ ನೀರು ಕಡಮೆಯಾದೀತು. ಎರಡೂ ಕಡೆ ಕೆಡುವುದು ಒಂದೇ: ಋತುವಿಗೆ ಹೊಂದಿಕೊಂಡ ಏರಿಳಿತ.

ರಾಮ್‌ಸಾರ್ ಪಟ್ಟಿಯ ಗೌರವ ಅರ್ಥಪೂರ್ಣವಾಗಬೇಕಾದರೆ ಅಘನಾಶಿನಿಗೆ ಒಂದು ನಿರಂತರವಾದ ಲೆಕ್ಕದ ಪುಸ್ತಕ ಬೇಕು. ತಿಂಗಳು ತಿಂಗಳಿಗೆ ಅಳಿವೆಯ ಉಪ್ಪು ಎಷ್ಟು. ಪ್ರತಿ ವರ್ಷ ಎಷ್ಟು ಚಿಪ್ಪುಮರಿಗಳು ನೆಲೆಯೂರಿದವು, ಎಷ್ಟು ಸಿಗಡಿಮರಿಗಳು ಉಬ್ಬರದೊಡನೆ ಒಳಬಂದವು. ಒಂದು ಇಳಿತಕ್ಕೆ ಒಬ್ಬರ ಬುಟ್ಟಿ ಎಷ್ಟು ತುಂಬಿತು. ಇದಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ. ಕಾರವಾರದಲ್ಲಿ ಕಡಲ ಜೀವಶಾಸ್ತ್ರದ ಸ್ನಾತಕೋತ್ತರ ವಿಭಾಗವಿದೆ; ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜಿದೆ; ಕುಮಟೆ ಹೊನ್ನಾವರಗಳಲ್ಲಿ ಕಾಲೇಜುಗಳೂ ಉತ್ಸಾಹಿ ಅಧ್ಯಾಪಕರೂ ಇದ್ದಾರೆ. ವಿದ್ಯಾರ್ಥಿಗಳು ಸೀಸೆಯಲ್ಲಿಟ್ಟ ಪ್ರಾಣಿಯ ಚಿತ್ರ ಬರೆಯುವುದರ ಜೊತೆಗೆ ಊರ ಅಳಿವೆಯ ಈ ಲೆಕ್ಕವನ್ನೂ ಬರೆಯುವಂತಾದರೆ, ಹತ್ತು ವರ್ಷಗಳಲ್ಲಿ ಯಾವ ಸಮಿತಿಯೂ ಅಲಕ್ಷಿಸಲಾಗದ ಸಾಕ್ಷ್ಯ ಸಿದ್ಧವಾಗುವುದು. ಚಿಪ್ಪು ಆರಿಸುವ ತಾಯಂದಿರು ಆ ಪುಸ್ತಕದ ಮೊದಲ ಗುರುಗಳಾಗಲಿ.

ಅಘನಾಶಿನಿಯೆಂದರೆ ಪಾಪವನ್ನು ನಾಶಮಾಡುವವಳೆಂದು ಅರ್ಥ. ಪಾಪವನ್ನು ತೊಳೆಯುವ ಹೊಳೆಯೂ ತಾನು ಹರಿಯಬೇಕಾದ ಕಾಲದಲ್ಲಿ ಹರಿಯಬೇಕಷ್ಟೆ. ಅವಳ ನೀರನ್ನು ಎಲ್ಲಿಗೆ, ಎಷ್ಟು, ಯಾವಾಗ ಎಂದು ಗೊತ್ತುಮಾಡುವ ಸಭೆ ಮುಂದೆಂದಾದರೂ ಕೂಡುವಾಗ, ಆ ಮೇಜಿನ ಮೇಲೆ ಅಳಿವೆಯ ಜಮಾಖರ್ಚಿನ ಪುಸ್ತಕವೂ ಇರಲಿ.